ವ್ಯಾಲಿಯಂಟಿನ ಮೂತಿಗೆ ವಿ8 ಇಂಜಿನ್: ಪ್ಲಿಮತ್ ಡಸ್ಟರ್ 340

ಡಸ್ಟರ್ ಅಂದರೆ ಮಂಗಳೂರಿನಲ್ಲಿ ರೆನೋ ಗಾಡಿಯೇ ನೆನಪಾಗುವುದು. ಇದು ಅದಲ್ಲ. ಅದಕ್ಕಿಂತ ನಾಲ್ಕು ದಶಕ ಹಿಂದೆ ಅಮೆರಿಕದ ಕ್ರೈಸ್ಲರ್ ಕಂಪನಿ ಪ್ಲಿಮತ್ ಹೆಸರಲ್ಲಿ ಮಾರಿದ ಎರಡು ಬಾಗಿಲಿನ ಕಾರು.

1970ರ ಮಾದರಿಯಾಗಿ ಬಂದ ಡಸ್ಟರಿನ ಬಾನೆಟ್, ಮುಂದಿನ ಮಡ್‌ಗಾರ್ಡ್ ಎಲ್ಲ ಪ್ಲಿಮತ್‌ನದೇ ಸಂಸಾರಸ್ಥರ ಕಾರು ವ್ಯಾಲಿಯಂಟಿನದ್ದೇ. ಎದುರು ಗಾಜಿನಿಂದ ಹಿಂದಕ್ಕೆ ಮಾತ್ರ ಹೊಸ ಬಾಡಿ. ಖರ್ಚು ಉಳಿದದ್ದು ಅಲ್ಲೇ. 340 ಘನ ಇಂಚಿನ, ಅಂದರೆ 5.6 ಲೀಟರಿನ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರಿನ ಇಂಜಿನ್) ಕೂರಿಸಿ, 275 ಅಶ್ವಶಕ್ತಿ ಎಂದು ಬರೆದು, 2,547 ಡಾಲರಿಗೆ ಮಾರಿದರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂಡ ಅದರಲ್ಲೇ ಸೇರಿತ್ತು.

1972ರಲ್ಲಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, 10.5ರಿಂದ 8.5ಕ್ಕೆ ಇಳಿಯಿತು, ಕಾಗದದ ಮೇಲೆ ಶಕ್ತಿ 240 ಆಯಿತು. ಇಳಿಕೆಯ ಒಂದು ಪಾಲು ಅಳೆಯುವ ಕ್ರಮ ಬದಲಾದದ್ದರಿಂದ; ಇಂಜಿನ್ ಅಷ್ಟೇನೂ ಸೊರಗಿರಲಿಲ್ಲ. 1974ರಲ್ಲಿ 340ರ ಜಾಗಕ್ಕೆ 360 ಬಂತು, 1976ಕ್ಕೆ ಡಸ್ಟರೇ ನಿಂತಿತು.

ಅಮೆರಿಕದಲ್ಲಿರುವ ಊರಿನವರು ಇಂಥದ್ದನ್ನು ಕೊಳ್ಳುವಾಗ ಮೊದಲು ಕಂಪನಿಯೇ ಕೊಟ್ಟ ಗುರುತಿನ ನಂಬರ್ ಓದಬೇಕು. ಡ್ಯಾಶ್‌ಬೋರ್ಡಿನ ಎಡಮೂಲೆಯ ತಗಡಿನಲ್ಲಿ ಐದನೇ ಅಕ್ಷರ ಎಚ್ ಇದ್ದರೆ ಅದು 340. ಜಿ ಇದ್ದರೆ 318 ಘನ ಇಂಚಿನ ಸಣ್ಣ ವಿ8, ಸಿ ಇದ್ದರೆ 225ರ ಆರು ಸಿಲಿಂಡರ್. ಆರು ಸಿಲಿಂಡರಿನ ಗಾಡಿಗೆ ಬೇರೆ ವಿ8 ಕೂರಿಸಿ, ಪಟ್ಟೆ ಅಂಟಿಸಿ 340 ಎಂದು ಮಾರುವುದು ಹಳೇ ಆಟ. ಅದರ ಹಿಂದಿನ ಆಕ್ಸಲ್ ಸಣ್ಣದು, ವಿ8ರ ಎಳೆತ ಬಿದ್ದರೆ ಬಾಳಿಕೆ ಬರುವುದಿಲ್ಲ.

ಇಂಜಿನ್ ಕೆಟ್ಟರೆ ರಿಪೇರಿ ಆಗುತ್ತದೆ. ಕೊಲ್ಲುವುದು ತುಕ್ಕು. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಸಸ್ಪೆನ್ಶನ್ನಿನಲ್ಲಿ ಕಾಯಿಲ್ ಸ್ಪ್ರಿಂಗ್ ಬದಲು ಉದ್ದನೆಯ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಅದರ ಹಿಂತುದಿ ಕೂರುವುದು ನೆಲದಡಿಯ ಅಡ್ಡತೊಲೆಯಲ್ಲಿ. ಆ ತೊಲೆ ಕೊಳೆತರೆ ಬಾರ್ ಹಿಡಿತ ತಪ್ಪಿ ಕಾರಿನ ಮೂತಿ ಕುಸಿಯುತ್ತದೆ. ಹೊರಗಿನ ಪೇಂಟ್ ಫಳಫಳ ಹೊಳೆಯುತ್ತಿದ್ದರೂ ಅಡಿಗೆ ಮಲಗಿ, ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ನೋಡಲೇಬೇಕು. ಮೆತ್ತಗೆ ಕಂಡರೆ ವ್ಯಾಪಾರ ಬೇಡ.

ಇನ್ನೊಂದು ಜಾಗ ವೈಪರಿನ ಕೆಳಗಿನ ಜಾಲರಿ. ಅಲ್ಲಿ ಎಲೆ ಕಟ್ಟಿ ನೀರು ನಿಂತು ಒಳಗಿನ ತಗಡು ತೂತಾಗುತ್ತದೆ. ಒಂದು ಬಕೆಟ್ ನೀರು ನಿಧಾನ ಹೊಯ್ದು, ಚಾಲಕನ ಕಾಲ ಬುಡದ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಉಡುಪಿ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹಲಸಿನ ಮರದಡಿ ನಿಲ್ಲಿಸಿದ ಯಾವ ಹಳೇ ಕಾರಿಗೂ ಇದೇ ಪರೀಕ್ಷೆ ಸಾಕು.