ಇಳಿದ ಪಂಚಮ

ಸುದ್ದಿ ಬಂದಾಗ ನಾನು ಶಿಷ್ಯನೊಬ್ಬನಿಗೆ ಪಾಠ ಹೇಳುತ್ತಿದ್ದೆ. ಇಪ್ಪತ್ತೊಂದು ವರ್ಷದ ಹುಡುಗ. ಮುಂದಿನ ತಿಂಗಳು ಅವನ ಪದವಿಯ ಕೊನೆಯ ಕಚೇರಿ: ಒಂದು ಗಂಟೆ ಕೊಳಲು, ಜೊತೆಗೆ ಪಿಯಾನೋ. ಅವನೆದುರಿನ ಸ್ಟ್ಯಾಂಡಿನ ಮೇಲೆ ಮೊಬೈಲ್ ಇತ್ತು. ಶ್ರುತಿ ಸರಿಯಾದರೆ ಅದರಲ್ಲಿ ಹಸಿರು ದೀಪ ಹತ್ತುತ್ತದೆ. ಹುಡುಗ ದೀಪ ನೋಡಿಕೊಂಡು ಊದುತ್ತಿದ್ದ. ಕಿವಿಗೆ ಕೆಲಸವೇ ಇರಲಿಲ್ಲ. ಬೈಯಬೇಕೆಂದು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಕಾಸರಗೋಡು ಜಿಲ್ಲೆಯ ಬೇಳದ ಗೆಳತಿಯ ಸಂದೇಶ ಬಂತು. ‘ಸಂಗೀತ ಮಾಸ್ತರು ಹೋದರು.’

ನಾನು ಓದಿದ ಶಾಲೆಯ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆಯಿರಿ ಎಂದು ಈಗ ಕೇಳಿದ್ದಾರೆ. ಬರೆಯಲು ಕುಳಿತರೆ ಪಾಠಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಕುಂಬಳೆ–ಬದಿಯಡ್ಕ ರಸ್ತೆ, ಮುರಕಲ್ಲಿನ ಗೋಡೆ, ಜೂನ್ ತಿಂಗಳಲ್ಲಿ ಹಂಚಿನ ಮೇಲೆ ಬೀಳುವ ಮಳೆಗೆ ಮಾಸ್ತರುಗಳು ಸೋತು ಪುಸ್ತಕ ಮುಚ್ಚುತ್ತಿದ್ದುದು, ಇಷ್ಟು ನೆನಪಿದೆ. ಮತ್ತೆ ಇಬ್ಬರು ಮಾಸ್ತರುಗಳು.

ಒಬ್ಬರು ಗಣಿತದವರು. ಕಾಸರಗೋಡಿನಿಂದ ಬರುತ್ತಿದ್ದರು. ಸಂಜೆ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕುಂಬಳೆಯ ಕಡೆಗೆ ಒಂದು ಖಾಸಗಿ ಬಸ್ಸು. ಅದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಕೊನೆಯ ಪೀರಿಯಡ್ಡಿನಲ್ಲಿ ಅವರ ಒಂದು ಕಿವಿ ಯಾವಾಗಲೂ ರಸ್ತೆಯ ಮೇಲೆ. ತಿರುವಿನಲ್ಲಿ ಆ ಬಸ್ಸಿನ ಎರಡು ಸ್ವರದ ಹಾರ್ನ್ ಕೇಳಿದ ಕೂಡಲೇ ‘ಉಳಿದದ್ದು ನಾಳೆ’ ಎಂದು ಕೊಡೆ ಎತ್ತಿಕೊಳ್ಳುತ್ತಿದ್ದರು. ಪೈಥಾಗೊರಸನ ಪ್ರಮೇಯ ನಮ್ಮ ತರಗತಿಯಲ್ಲಿ ಮುಗಿದದ್ದೇ ಇಲ್ಲ.

ಇನ್ನೊಬ್ಬರು ನಮ್ಮ ಸಂಗೀತ ಮಾಸ್ತರು. ಬಿಳಿ ಪಂಚೆ, ಬಗಲಲ್ಲಿ ಬಟ್ಟೆ ಚೀಲ, ಚೀಲದಿಂದ ಇಣುಕುವ ಮೂರು ಕೊಳಲು. ಭಜನೆಗೆ, ಮದುವೆಗೆ, ಯಾರು ಕರೆದರೂ ಹೋಗುತ್ತಿದ್ದರು. ಶಾಲೆಯಲ್ಲಿ ತಂಬೂರಿ ಇರಲಿಲ್ಲ, ತಿದಿಗೆ ಇಲಿ ಕಚ್ಚಿದ ಒಂದು ಹಾರ್ಮೋನಿಯಂ ಇತ್ತು. ಅದನ್ನು ಅವರು ಪ್ರೀತಿಸುತ್ತಿರಲಿಲ್ಲ. ‘1940ರಲ್ಲಿ ಆಕಾಶವಾಣಿಯವರು ಇದನ್ನು ಹೊರಗೆ ಹಾಕಿದರು, 1971ರವರೆಗೆ ಒಳಗೆ ಸೇರಿಸಲಿಲ್ಲ. ನಮ್ಮ ಶಾಲೆ ಅಷ್ಟು ಕಠಿಣ ಅಲ್ಲ’ ಎನ್ನುತ್ತಿದ್ದರು. ‘ಷಡ್ಜಕ್ಕೆ ಮಾತ್ರ ಪೆಟ್ಟಿಗೆಯನ್ನು ನಂಬು. ಗಾಂಧಾರವನ್ನು ನೀನೇ ಹುಡುಕಿಕೋ.’

ನನ್ನ ಮೊದಲ ಕೊಳಲು ಅವರು ಓಟೆ ಕಡಿದು ಮಾಡಿಕೊಟ್ಟದ್ದು. ಕೇರಳದ ಶಾಲಾ ಕಲೋತ್ಸವದ ಪಟ್ಟಿಯಲ್ಲಿ ಅದರ ಹೆಸರು ಮಲಯಾಳದಲ್ಲಿ ಓಡಕ್ಕುಳಲ್. ಮಲಯಾಳಿಗಳ ಓಡ, ನಮ್ಮ ಓಟೆ. ಗಡಿಯಲ್ಲಿ ಬೆಳೆದ ನಮಗೆ ಒಂದೇ ಬಿದಿರು ಎರಡು ಹೆಸರಿನಲ್ಲಿ ಊದಿ ಅಭ್ಯಾಸ.

ಈಗ ತಪ್ಪೊಪ್ಪಿಗೆ. ಒಂಬತ್ತನೆಯ ತರಗತಿಯಲ್ಲಿ, ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದ ನಾನು ಶಾಲೆಯ ಹಿಂದಿನ ಗೇರುಮರ ಹತ್ತಿ, ಉದ್ದನೆಯ ಮಂದ್ರ ಕೊಳಲಿನಲ್ಲಿ ಆ ಹಾರ್ನ್ ಊದಿದೆ. ಕೊಳಲಿನಲ್ಲಿ ಹಾರ್ನ್ ಬರುತ್ತದೆಯೇ ಎಂದು ಕೇಳಬೇಡಿ. ಅರ್ಧ ಕಿಲೋಮೀಟರ್ ದೂರದ ಹಾರ್ನ್ ಬರುತ್ತದೆ. ಗಣಿತ ಮಾಸ್ತರು ಕೊಡೆ ಹಿಡಿದು ಓಡಿದರು. ಮೂರೂಕಾಲಿಗೆ ಸುರುವಾದ ಪೀರಿಯಡ್ಡು ಮೂರೂವರೆಗೆ ಮುಗಿಯಿತು. ಮೂರು ದಿನ ಇದು ನಡೆಯಿತು. ತರಗತಿಯಲ್ಲಿ ನನ್ನ ಗೌರವ ಹೆಚ್ಚಿತು. ಪೇರಳೆ, ನೆಲ್ಲಿಕಾಯಿ ಎಲ್ಲ ತಾವಾಗಿಯೇ ನನ್ನ ಬೆಂಚಿಗೆ ಬಂದವು.

ನಾಲ್ಕನೆಯ ದಿನ ಮರದಿಂದ ಇಳಿದರೆ ಕೆಳಗೆ ಸಂಗೀತ ಮಾಸ್ತರು ನಿಂತಿದ್ದರು. ಬೆತ್ತ ಇರಲಿಲ್ಲ.

‘ಆ ಬಸ್ಸಿನ ಹಾರ್ನ್ ಷಡ್ಜ, ಪಂಚಮ. ನಿನ್ನ ಪಂಚಮ ಇಳಿದಿತ್ತು ಮಾರಾಯ. ಸುಳ್ಳು ಹೇಳುವುದಾದರೂ ಶ್ರುತಿಯಲ್ಲಿ ಹೇಳು.’

ಶಿಕ್ಷೆ ಹದಿನೈದು ದಿನ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವರು ಷಡ್ಜ ಒತ್ತಿ ಹಿಡಿಯುವುದು, ನಾನು ಪಂಚಮ ಒಂದನ್ನೇ ಊದುವುದು. ಐದನೆಯ ದಿನ ಅಳು ಬಂತು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಎರಡು ಸ್ವರ ಒಂದಕ್ಕೊಂದು ತಾಗಿ ನಡುವಿನ ನಡುಕ ತಟ್ಟನೆ ನಿಂತಿತು. ಕೋಣೆಯೇ ನಿಂತಂತಾಯಿತು. ಮಾಸ್ತರು ತಲೆ ಎತ್ತಲಿಲ್ಲ, ‘ಹೂಂ’ ಎಂದರು. ಅಷ್ಟೇ. ಗಣಿತ ಮಾಸ್ತರಿಗೆ ಅವರು ವಿಷಯ ಹೇಳಲಿಲ್ಲ. ಹೆಡ್‌ಮಾಸ್ತರಿಗೂ ಹೇಳಲಿಲ್ಲ.

ಆ ಹದಿನೈದು ದಿನಗಳ ಬೆಲೆ ಗೊತ್ತಾದದ್ದು 2012ರಲ್ಲಿ, ಚೆನ್ನೈಯಲ್ಲಿ. ಓಟೆಯಿಂದ ಬೆಳ್ಳಿಯ ಕೊಳಲಿಗೆ ಬಂದಿದ್ದೆ. (ಲೋಹದ್ದಾದರೂ ಇದು ಮರದ ವಾದ್ಯಗಳ ಕುಟುಂಬದ್ದೇ, ಮೊದಲು ಮರದಲ್ಲೇ ಮಾಡುತ್ತಿದ್ದರು.) ಅಲ್ಲಿನ ಗುರುಗಳಿಗೆ ನನ್ನ ಮೇಲಿದ್ದ ದೂರು ಒಂದೇ: ನನ್ನ ಸ್ವರ ನಿಲ್ಲುವುದಿಲ್ಲ, ತೂಗುತ್ತದೆ. ಆ ತೂಗಾಟ, ಅಂದರೆ ಗಮಕ, ಬಿಡಲು ಎರಡು ವರ್ಷ ಹಿಡಿಯಿತು. ಪಿಯಾನೋಕ್ಕೆ ಕುಳಿತವಳು ಬೇಳದ ಗೆಳತಿ, ನಮ್ಮ ಶಾಲೆಯವಳೇ. 1890ರಲ್ಲಿ ಸ್ಥಾಪನೆಯಾದ ಬೇಳದ ಇಗರ್ಜಿಯಲ್ಲಿ ಪೂಜೆಗೆ ಕೀಬೋರ್ಡ್ ನುಡಿಸಿ ಬೆಳೆದ ಹುಡುಗಿ. 61 ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಹಗುರ ಕೀಬೋರ್ಡಿನಿಂದ 88 ಮನೆಗಳ, ಬೆರಳಿಗೆ ಭಾರವಾಗುವ ಪಿಯಾನೋಕ್ಕೆ ಬಂದು ಮೊದಲ ವರ್ಷ ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಂಡೇ ಕಳೆದಳು.

ಜರ್ಮನಿಯ ಬಾಖ್‌ನ ಬಿ ಮೈನರ್ ಸೊನಾಟಾ ಮತ್ತು ಫ್ರಾನ್ಸಿನ ಪೂಲಾಂಕ್ 1957ರಲ್ಲಿ ಬರೆದ ಸೊನಾಟಾ ನಮ್ಮ ಪದವಿಯ ಕೊನೆಯ ಕಚೇರಿಯ ಮುಖ್ಯ ಕೃತಿಗಳು. ಬಾಖ್‌ನದರಲ್ಲಿ ಅವಳ ಬಲಗೈಗೂ ನನ್ನ ಕೊಳಲಿಗೂ ಸಮಪಾಲು. ಅದನ್ನು ಪಕ್ಕವಾದ್ಯ ಎಂದರೆ ಅವಳು ಮುನಿಸಿಕೊಳ್ಳುತ್ತಿದ್ದಳು, ಅದು ಸರಿ ಕೂಡ. ಇಬ್ಬರೂ ಒಟ್ಟಿಗೆ ಎತ್ತಿಕೊಳ್ಳಬೇಕಾದಲ್ಲಿ ಕೈಸನ್ನೆ ಇಲ್ಲ. ನಾನು ಉಸಿರು ಎಳೆದುಕೊಳ್ಳುವ ವೇಗದಲ್ಲೇ ಕಾಲ ಇರುತ್ತದೆ, ಅದನ್ನು ಅವಳು ಕೇಳಬೇಕು. ಆರು ತಿಂಗಳ ತಾಲೀಮಿನಲ್ಲಿ ಬಹುಪಾಲು ಕಳೆದದ್ದು ಉಸಿರು ಕೇಳುವುದರಲ್ಲಿ.

ಹವಾನಿಯಂತ್ರಿತ ಸಭಾಂಗಣ ಬೇರೆ. ತಣ್ಣಗಾದ ಕೊಳಲಿನ ಶ್ರುತಿ ಇಳಿಯುತ್ತದೆ, ಊದುತ್ತ ಬಿಸಿಯಾದಂತೆ ಏರುತ್ತದೆ. ಪಿಯಾನೋ ಇದ್ದಲ್ಲೇ ಇರುತ್ತದೆ, ಅದಕ್ಕೆ ನಮ್ಮ ಕಷ್ಟ ಬೇಕಿಲ್ಲ. ಅವಳೊಬ್ಬಳೇ ನುಡಿಸುವಾಗ ನಾನು ಸದ್ದಿಲ್ಲದೆ ಕೊಳಲಿನೊಳಗೆ ಬಿಸಿಯುಸಿರು ತುಂಬುತ್ತಿರಬೇಕು. ಮೇಲಿಂದ ಪಿಯಾನೋದ ಗಾಂಧಾರ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಶ್ರುತಿಯ ದೂರಕ್ಕೆ 100 ಸೆಂಟ್ ಎಂದು ಲೆಕ್ಕ. ತಂಬೂರಿಗೆ ಹೊಂದುವ ‘ಅಂತರ ಗಾಂಧಾರ’ಕ್ಕಿಂತ (ಗಾಂಧಾರಗಳಲ್ಲಿ ಮೇಲಿನದು) ಪಿಯಾನೋದ್ದು ಸುಮಾರು 14 ಸೆಂಟ್ ಮೇಲಿರುತ್ತದೆ. ಪಂಚಮವಾದರೆ ಸುಮಾರು 2 ಸೆಂಟ್ ಕೆಳಗೆ. ಮನೆಗಳನ್ನೆಲ್ಲ ಸಮನಾಗಿ ಹಂಚಿದ್ದರಿಂದ ಹೀಗೆ. ಕಚೇರಿಯ ಹಿಂದಿನ ರಾತ್ರಿ ಹಾಸ್ಟೆಲಿನಿಂದ ಮಾಸ್ತರಿಗೆ ಫೋನ್ ಮಾಡಿ ಇದನ್ನು ದೊಡ್ಡ ಶೋಧನೆಯೆಂಬಂತೆ ಹೇಳಿದೆ.

‘ಅದರ ಪಂಚಮವೂ ಇಳಿದಿದೆಯೋ? ಹಾಗಾದರೆ ಅದಕ್ಕೂ ಎಲ್ಲೋ ಬಸ್ಸು ಹಿಡಿಯಲಿಕ್ಕಿದೆ’ ಎಂದರು. ನಕ್ಕು ಮುಗಿದ ಮೇಲೆ, ‘ನಾಳೆ ಅವಳನ್ನು ಕೇಳು. ನಿನ್ನನ್ನು ಕೇಳಲು ಜನ ಬರುತ್ತಾರೆ’ ಎಂದರು.

ಹೇಳಿಕೊಳ್ಳಬಾರದು, ಆದರೂ ನಮ್ಮ ಶಾಲೆಯ ಸಂಚಿಕೆಯಲ್ಲಲ್ಲದೆ ಇನ್ನೆಲ್ಲಿ ಹೇಳಿಕೊಳ್ಳಲಿ? ಆ ವರ್ಷ ಅತಿ ಹೆಚ್ಚು ಅಂಕ ಬಂದದ್ದು ನಮಗೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಿಮ್ಮಿಬ್ಬರದು ಯಾವ ಊರು ಎಂದು ಕೇಳಿದರು. ಹೇಳಿದೆವು. ಅವರಿಗೆ ಅರ್ಥವಾಗಲಿಲ್ಲ.

ಮಾಸ್ತರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ ಎಂದು ಕೇಳಿ ಬೇಸರವಾಯಿತು. ಕಲೋತ್ಸವ ಬಂದಾಗ ಹಣ ಕೊಟ್ಟು ಹೊರಗಿನವರನ್ನು ಕರೆಸುತ್ತಾರಂತೆ. ಮಕ್ಕಳು ಕೆಲವೇ ನಿಮಿಷಗಳ ಒಂದು ಕೃತಿಯನ್ನು ಗಿಳಿಯಂತೆ ಕಲಿತು, ‘ಎ’ ಗ್ರೇಡ್ ಪಡೆದು, ಕೊಳಲನ್ನು ಅಟ್ಟಕ್ಕೆ ಹಾಕುತ್ತಾರಂತೆ. ಅವರಲ್ಲಿ ಒಬ್ಬನಾದರೂ ಗೇರುಮರ ಹತ್ತುತ್ತಾನೋ ಇಲ್ಲವೋ. ಮರವನ್ನೂ ಕಡಿದಿದ್ದಾರೆ, ಅಲ್ಲಿ ಈಗ ಶಾಲಾ ಬಸ್ಸುಗಳು ನಿಲ್ಲುತ್ತವೆ.

ಶ್ರದ್ಧಾಂಜಲಿ ಸಭೆಗೆ ನಾವಿಬ್ಬರೂ ಹೋಗಿದ್ದೆವು. ಅದೇ ಹಾರ್ಮೋನಿಯಂ ತಂದಿಟ್ಟರು. ಗೆಳತಿ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ‘ಮೊದಲ ಬಿಳಿ ಮನೆಯನ್ನು ಷಡ್ಜ ಮಾಡಿದರೆ ಧೈವತ ಮಾತಾಡುವುದಿಲ್ಲ. ಧೈವತ ಇಲ್ಲದ ರಾಗ ಹೇಳು’ ಎಂದಳು.

‘ಹಂಸಧ್ವನಿ.’

ಪೆಟ್ಟಿಗೆಯ ಶ್ರುತಿ ಕೆಳಗಿತ್ತು. ಕೊಳಲಿನ ತಲೆಯನ್ನು ಸ್ವಲ್ಪ ಹೊರಗೆಳೆದು ಅವಳ ಷಡ್ಜಕ್ಕೆ ಹೊಂದಿಸಿಕೊಂಡೆ, ಪಂಚಮ ಹಿಡಿದೆ. ನಡುಕ ನಿಲ್ಲುವವರೆಗೆ ಅವಳು ಕಾದಳು. ಮುಂದಿನ ಸಾಲಿನಲ್ಲಿ ಗಣಿತ ಮಾಸ್ತರು ಕುಳಿತಿದ್ದರು, ಮೊಣಕಾಲುಗಳ ನಡುವೆ ಕೊಡೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗಡಿಯಾರ ನೋಡಿ ಎದ್ದುನಿಂತರು. ಮಗ ಕಾರು ತಂದಿದ್ದಾನೆಂದು ಪಕ್ಕದವರು ನೆನಪಿಸಿದ ಮೇಲೆ ಮತ್ತೆ ಕುಳಿತರು.