ಎರಡು ಕೊಡ ನೀರು

ಮಂಗಳವಾರ ಸಂಜೆಯಿಂದ ಕಣ್ಣು ಮುಚ್ಚಿದರೆ ಒಂದೇ ಕಾಣುತ್ತಿದೆ: ಒಂಬತ್ತು ವರ್ಷದ ಹುಡುಗಿಯ ಮುಂಗೈ, ಮೇಲೆ ದಪ್ಪಗೆ ಮೆತ್ತಿದ ಬಿಳಿ ಪೇಸ್ಟು, ಅದರೊಳಗೆ ಅರ್ಧ ಹೂತುಹೋದ ಹಸಿರು ಬಳೆಗಳು.

ಪಕ್ಕದ ಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಬಾಣಲಿ ವಾಲಿತು. ಚೀರಿದ್ದು ಕೇಳಿ ಓಡಿಹೋದವಳೇ ಬಾಗಿಲ ಬಳಿಯ ಕೊಡಕ್ಕೆ ಚೊಂಬು ಅದ್ದಿದೆ. ಅಜ್ಜಿ ಕೈ ಹಿಡಿದರು.

"ನೀರು ಹಾಕಬ್ಯಾಡ ಯವ್ವಾ, ಗುಳ್ಳಿ ಏಳ್ತಾವ."

"ಇಲ್ಲಬೇ, ನೀರೇ ಹಾಕಬೇಕು. ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ? ನಳ ಬರೋದು ಇನ್ನ ನಾಕ್ ದಿನಕ್ಕ!"

ಅಷ್ಟರಲ್ಲಿ ಅವರ ಮಗ ಪೇಸ್ಟಿನ ಟ್ಯೂಬು ಪೂರ್ತಿ ಹಿಂಡಿಬಿಟ್ಟಿದ್ದ. ಮಗಳೆಂದರೆ ಪ್ರಾಣ ಬಿಡುವ ಮನುಷ್ಯ. ಗಾಬರಿಯಲ್ಲಿ ಯಾರ ಮಾತೂ ಕಿವಿಗೆ ಬೀಳಲಿಲ್ಲ. ನಾನೂ ಸುಮ್ಮನಾದೆ. ಹಾಗೆ ಸುಮ್ಮನಾದದ್ದೇ ಈಗ ಕೊರೆಯುತ್ತಿದೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಮೊದಲು ಮಾಡಿದ್ದೇ ಕೈಯನ್ನು ನಳದ ಕೆಳಗೆ ಹಿಡಿದದ್ದು. ಸುಟ್ಟು ಅರ್ಧ ತಾಸಾಗಿತ್ತು. "ಮೂರು ತಾಸಿನೊಳಗ ಹಾಕಿದ್ರೂ ಉಪಯೋಗ ಐತ್ರಿ" ಎಂದರು. ಎಣ್ಣೆ ಒರೆಸಿದರೂ ಚರ್ಮದೊಳಗಿನ ಶಾಖ ಬೇಯಿಸುತ್ತಲೇ ಇರುತ್ತದಂತೆ. ಅದನ್ನು ತಣಿಸುವುದು ಹರಿಯುವ ನೀರು. ಪೇಸ್ಟು ಆ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಗಾಯ ಎಷ್ಟು ಆಳ ಎಂದು ನೋಡಲೂ ಬಿಡುವುದಿಲ್ಲ. ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸುವಾಗ ಪೇಸ್ಟಿನ ಜೊತೆ ಚರ್ಮದ ತೆಳು ಪದರವೂ ಎದ್ದು ಬಂತು. ಕೈ ಊದಿ ಬಳೆ ಜಾರಲಿಲ್ಲ. ಕೆಳಗೆ ಹತ್ತಿ ತೂರಿಸಿ ಒಂದೊಂದಾಗಿ ಒಡೆದರು. ಸುಟ್ಟ ಕೂಡಲೇ ತೆಗೆದಿದ್ದರೆ ಸಲೀಸಾಗಿ ಬರುತ್ತಿದ್ದವು. ಹುಡುಗಿ ಉರಿಗಿಂತ ಹೆಚ್ಚು ಬಳೆಗಾಗಿ ಅತ್ತಳು.

ಅಜ್ಜಿಯನ್ನು ಬೈಯಲು ಮನಸ್ಸಾಗುತ್ತಿಲ್ಲ. ಗಂಗಾವತಿಯ ಸುತ್ತ ಗದ್ದೆಗೆ ತುಂಗಭದ್ರೆಯ ಕಾಲುವೆ ತುಂಬಿ ಬರುತ್ತದೆ. ಆ ಜೀವ ಮಾತ್ರ ಬದುಕೆಲ್ಲ ಮನೆಯ ಕೊಡಗಳನ್ನು ಎಣಿಸಿ ಬಳಸಿದೆ. ಗುಳ್ಳೆ ಏಳಿಸುವುದು ಕಾದ ಎಣ್ಣೆ. ನೀರು ಹಾಕಿದ ಮೇಲೆ ಎದ್ದಿತೆಂದು ಕೆಟ್ಟ ಹೆಸರು ನೀರಿಗೆ ಬಂದಿದೆ. ಇಷ್ಟನ್ನು ಅಜ್ಜಿಗೆ ಯಾರಾದರೂ ಎಂದಾದರೂ ಕೂತು ಹೇಳಿದ್ದಾರೆಯೇ? ಗೋಡೆಗೆ ಗೋಡೆ ಅಂಟಿಕೊಂಡ ಮನೆಯವಳು ನಾನೇ ಹೇಳಿರಲಿಲ್ಲ.

ಆ ರಾತ್ರಿ ನಮ್ಮ ಬಚ್ಚಲಲ್ಲಿ ಟಾಕಿಯ ನಳವನ್ನು ಸಣ್ಣಗೆ ಬಿಟ್ಟು, ಕೆಳಗೆ ಕೊಡ ಇಟ್ಟು, ಗಡಿಯಾರ ನೋಡುತ್ತ ನಿಂತೆ. ಇಪ್ಪತ್ತು ನಿಮಿಷಕ್ಕೆ ಎರಡು ಕೊಡ ತುಂಬಿದವು. ಬೆಳಿಗ್ಗೆ ಹೋಗಿ ಅಜ್ಜಿಗೆ ಹೇಳಿದೆ.

"ಎರಡ ಕೊಡ?" ಎಂದರು. ಮೂಲೆಯಲ್ಲಿ ಸಾಲಾಗಿ ತುಂಬಿಟ್ಟಿದ್ದ ಕೊಡಗಳ ಕಡೆ ಬಹಳ ಹೊತ್ತು ನೋಡಿದರು. ಮತ್ತೆ ಕೇಳಿದರು: "ಬರೇ ಎರಡ ಕೊಡ ಏನವಾ?"