ಹೆಬ್ಬೆಟ್ಟು ಎಲ್ಲಿ ಒತ್ತಬೇಕು?

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿತ್ತು. ಪಟ್ಟದಕಲ್ಲಿನ ಗುಡಿಗಳನ್ನೂ ಬಿಟ್ಟಿರಲಿಲ್ಲ. ನೀರು ಇಳಿದ ನಾಲ್ಕನೆಯ ದಿನ ನಾನು ಮತ್ತು ನಮ್ಮ ಕ್ರೈಸ್ತ ಸಭೆಯ ಮೂವರು ಹುಡುಗರು ಒಂದು ಟಂಟಂನಲ್ಲಿ 64 ಚೀಲ ಹೇರಿಕೊಂಡು ಬಾದಾಮಿ ಕಡೆಯ ಒಂದು ಊರಿಗೆ ಹೋದೆವು. ಪ್ರತಿ ಚೀಲದಲ್ಲಿ ಹತ್ತು ಕಿಲೋ ಜೋಳ, ತೊಗರಿಬೇಳೆ, ಎಣ್ಣೆ, ಖಾರದ ಪುಡಿ, ಒಂದು ಚಾದರ. ಎಲ್ಲದರ ಮೇಲೆ, ಬಾಯಿ ಕಟ್ಟುವ ಮುನ್ನ ಇಟ್ಟ ನಾಲ್ಕು ಮಡಿಕೆಯ ಹಳದಿ ಕರಪತ್ರ.

ಕರಪತ್ರ ಇಡಲು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಹಣ ಕೊಟ್ಟ ದೂರದ ನಗರದ ಸಭೆಯವರು ಕಟ್ಟು ಕಳಿಸಿದ್ದರು, ನಾನು ಹಿಂದಿನ ರಾತ್ರಿ ಕುಳಿತು ಒಂದೊಂದಾಗಿ ಇಟ್ಟಿದ್ದೆ. ಆಗ ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷ ಸಭಾಪಾಲಕನಾಗಿದ್ದವನಿಗೆ ಕರಪತ್ರ ಹಂಚುವುದು ಉಸಿರಾಡಿದಷ್ಟೇ ರೂಢಿ.

ಊರೊಳಗೆ ಮೊದಲು ಮೂಗಿಗೆ ಬಡಿದದ್ದು ಹಗೇವಿನ ವಾಸನೆ. ನೆಲದೊಳಗೆ ವರ್ಷಕ್ಕೆಂದು ಇಟ್ಟ ಜೋಳ ನೀರು ಕುಡಿದು ಹುಳಿತು ನಾರುತ್ತಿತ್ತು. ಒಂದು ಮನೆಯಲ್ಲಿ ಕುಣಿಮಗ್ಗ. ಕಾಲಿಳಿಸಿ ಕೂರುವ ಕುಣಿ ಅಂಚಿನವರೆಗೆ ಕೆಸರು ತುಂಬಿಕೊಂಡಿತ್ತು. ಹಾಸಿನ ಎಳೆಗಳ ಮೇಲೆ ರಾಡಿ ಒಣಗಿ ಬಿರುಕು ಬಿಟ್ಟಿತ್ತು. ಅರ್ಧ ನೇಯ್ದ ಖಣದ ಕೆಂಪಂಚು ಮಾತ್ರ ಆ ರಾಡಿಯೊಳಗಿಂದ ಕಾಣುತ್ತಿತ್ತು. ನಾವು ನೇಕಾರರ ಪೈಕಿ. ಅದನ್ನು ನೋಡಿ ಮಾತು ಬರಲಿಲ್ಲ.

ಶಾಲೆಯ ಕಟ್ಟೆಯ ಮೇಲೆ ಹಂಚಲು ಶುರು ಮಾಡಿದೆವು. ಇಪ್ಪತ್ತೋ ಇಪ್ಪತ್ತೈದೋ ಚೀಲ ಹೋಗಿರಬೇಕು, ಒಬ್ಬ ಮುದುಕಿ ಬಂದಳು. ಚೀಲದ ಬಾಯಿ ಬಿಚ್ಚಿ ಹಳದಿ ಕಾಗದ ತೆಗೆದಳು. ಓದಲು ಬಾರದು. ತಿರುವಿ ನೋಡಿ, ಎಡಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಚಾಚಿದಳು.

"ಎಲ್ಲಿ ಒತ್ತಬೇಕು, ತಮ್ಮಾ?"

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆ ವಾರವೆಲ್ಲ ಅವಳ ಮುಂದೆ ಬಂದ ಕಾಗದಗಳೆಲ್ಲ ಹೆಬ್ಬೆಟ್ಟು ಕೇಳಿದ್ದವು. ಮನೆ ಬಿದ್ದ ಪಂಚನಾಮೆಗೆ ಒಂದು, ಸರಕಾರ ಕೊಡುತ್ತೇನೆಂದ ಹತ್ತು ಸಾವಿರಕ್ಕೆ ಒಂದು.

"ಎಲ್ಲಿಯೂ ಒತ್ತಬೇಕಾಗಿಲ್ಲ, ಯವ್ವಾ."

"ಮತ್ತೆ ಕಾಗದ ಯಾಕೆ ಇಟ್ಟಿರಿ?" ಎಂದಳು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಒತ್ತಿದರೆ ಬನಶಂಕರಿಯನ್ನು ಬಿಟ್ಟ ಹಾಗೆ ಆಗುತ್ತದೇನಪ್ಪಾ?"

ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ. ಒಂದು ಕೈ ಜೋಳದ ಚೀಲವನ್ನು ಹಿಡಿದೇ ಇತ್ತು, ಬಿಟ್ಟಿರಲಿಲ್ಲ. ಬಿಡಬೇಕು ಎಂದು ನಾನು ಹೇಳಿದ್ದರೆ ಅವಳು ಏನು ಮಾಡುತ್ತಿದ್ದಳೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

"ಏನನ್ನೂ ಬಿಡಬೇಡ, ಜೋಳ ತೆಗೆದುಕೊಂಡು ಹೋಗು" ಎಂದೆ. ಉಳಿದ ಚೀಲಗಳಿಂದ ಕರಪತ್ರ ತೆಗೆಯುವಂತೆ ಹುಡುಗರಿಗೆ ಹೇಳಿದೆ. ಅವರಲ್ಲಿ ದೊಡ್ಡವನಿಗೆ ಇದು ಸರಿಬರಲಿಲ್ಲ. "ಸುವಾರ್ತೆಯ ವಿಷಯದಲ್ಲಿ ನಾಚಿಕೊಳ್ಳುವವನಲ್ಲ ಎಂದು ಪೌಲನು ಬರೆದದ್ದನ್ನು ನಮಗೆ ಕಲಿಸಿದವರು ನೀವೇ ಅಲ್ಲವೇ, ಪಾಸ್ಟರೇ?" ಎಂದು ಎಲ್ಲರ ಎದುರೇ ಕೇಳಿದ. ಅವನ ಮಾತು ತಪ್ಪೆಂದು ನಾನು ಹೇಳಲಾರೆ. ಆ ವಾಕ್ಯವನ್ನು ನಾನು ಇಂದಿಗೂ ನಂಬುತ್ತೇನೆ, ಪ್ರತಿ ಭಾನುವಾರ ಬೋಧಿಸುತ್ತೇನೆ. ಆದರೆ ಪೌಲನು ಅದನ್ನು ಜೋಳದ ಚೀಲದೊಳಗೆ ಮಡಚಿಡಲಿಲ್ಲವಲ್ಲ. ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ಮರುದಿನ ಅವರು ಮತ್ತೆ ಹುಡುಕಿಕೊಂಡು ಬಂದಾಗ, ನೀವು ಬಂದದ್ದು ರೊಟ್ಟಿ ತಿಂದು ತೃಪ್ತರಾದ ಕಾರಣಕ್ಕೆ ಎಂದು ಯೇಸು ಮುಖಕ್ಕೇ ಹೇಳಿದ. ತಿಂದ ರೊಟ್ಟಿಯ ಲೆಕ್ಕವನ್ನಂತೂ ಕೇಳಲಿಲ್ಲ. ಇದೆಲ್ಲ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲಿ ಹುಡುಗನಿಗೆ "ಹೇಳಿದಷ್ಟು ಮಾಡು" ಎಂದು ಗದರಿದೆ, ಅಷ್ಟೇ.

ನನಗೆ ಮುದುಕಿಯ ಆ ಪ್ರಶ್ನೆ ಅಷ್ಟು ಚುಚ್ಚಲು ಬೇರೆ ಕಾರಣವೂ ಇದೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ನಮ್ಮ ಮನೆತನ ಆಗ ಸೇರಲಿಲ್ಲ. ಸೇರಿದ್ದು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ, ಈ ಸೀಮೆ ಕಲಾದಗಿ ಜಿಲ್ಲೆಯಾಗಿದ್ದ ಕಾಲ. ಮುತ್ತಜ್ಜ ಆಗ ಆರೇಳು ವರ್ಷದ ಹುಡುಗ. ಮಿಷನ್ ಅಂಗಳದ ಗಂಜಿ ಕುಡಿದು ಬದುಕಿದ, ಅಲ್ಲಿಯೇ ಉಳಿದ. ಶಾಲೆಯಲ್ಲಿ ನನ್ನನ್ನು "ಗಂಜಿ ಕ್ರೈಸ್ತ" ಎಂದು ಹಂಗಿಸುತ್ತಿದ್ದರು. ಹೊಡೆದಾಡಿ ಬಂದರೆ ಅಪ್ಪ, "ಗಂಜಿ ಕುಡಿದದ್ದು ಸುಳ್ಳಲ್ಲ, ಯಾಕೆ ಹೊಡೆದಾಡುತ್ತೀ?" ಎನ್ನುತ್ತಿದ್ದರು. ಮಿಷನ್‌ನವರು ಮಂಗಳೂರಿನಲ್ಲಿ ನೇಯ್ಗೆ, ಹೆಂಚಿನ ಕಾರ್ಖಾನೆ ತೆರೆದದ್ದೂ ಮತ ಬದಲಿಸಿ ಕುಲದಿಂದ ಹೊರಬಿದ್ದವರಿಗೆ ದುಡಿಮೆ ಬೇಕೆಂದೇ. ಅದರಲ್ಲಿ ಕರುಣೆ ಎಷ್ಟು, ಗಾಳ ಎಷ್ಟು ಎಂದು ತೂಗಲು ನನಗೆ ಬರುವುದಿಲ್ಲ. ಗಂಜಿ ಕುಡಿದವನ ಮರಿಮಗ ನಾನು. ಮುತ್ತಜ್ಜನ ಅವ್ವನೂ ಯಾರಿಗಾದರೂ ದನಿ ತಗ್ಗಿಸಿ ಹೀಗೆಯೇ ಕೇಳಿದ್ದಳೇ? ಅವಳಿಗೆ ಸಿಕ್ಕ ಉತ್ತರವೇನು?

2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಒತ್ತಾಯ, ಆಮಿಷಗಳ ಮತಾಂತರ ತಡೆಯುವ ಮಸೂದೆ ಬಂದಾಗ ನಾನೂ ವಿರೋಧಿಸಿದವರ ಸಾಲಿನಲ್ಲಿ ನಿಂತೆ. ಒಬ್ಬ ಮನುಷ್ಯ ತನ್ನ ದೇವರನ್ನು ಆರಿಸಿಕೊಳ್ಳಲು ಜಿಲ್ಲಾಧಿಕಾರಿಗೆ ಮುಂಗಡವಾಗಿ ತಿಳಿಸಬೇಕೆಂಬುದು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಆದರೆ ಅದರಲ್ಲಿದ್ದ "ಆಮಿಷ" ಎಂಬ ಪದದ ಬಗ್ಗೆ ಜೊತೆಯವರು ಕೂಗಾಡಿದಾಗ ನಾನು ತೆಪ್ಪಗಿದ್ದೆ. ಕಣ್ಣ ಮುಂದೆ ಆ ಹೆಬ್ಬೆರಳಿತ್ತು.

ಊರಿಂದ ಬಂದ ವಾರಕ್ಕೆ ಹಣ ಕೊಟ್ಟವರ ನಮೂನೆ ತುಂಬಬೇಕಾಯಿತು. ಹಂಚಿದ ಚೀಲ: 64. ಖರ್ಚು, ರಸೀದಿ, ಫೋಟೋ. ಕೊನೆಯ ಕಾಲಂ, "ಸುವಾರ್ತೆಯನ್ನು ಕೇಳಿದವರ ಸಂಖ್ಯೆ". ಪ್ರತಿ ಸಲ ಅಲ್ಲಿ ಚೀಲದ ಸಂಖ್ಯೆಯನ್ನೇ ಬರೆದು ಕಳಿಸುವುದು ನನ್ನ ಪದ್ಧತಿ. ಈ ಸಲ ಪೆನ್ನು ಹಿಡಿದು ಕುಳಿತೆ. ನಿಜವಾಗಿ ಕೇಳಿದವಳು ಒಬ್ಬಳೇ. 1 ಎಂದು ಬರೆದೆ.

ಎರಡು ದಿನ ಬಿಟ್ಟು ಅವರ ಕಚೇರಿಯಿಂದ ಫೋನ್ ಬಂತು. ಸೊನ್ನೆಗಳೇನಾದರೂ ಬಿಟ್ಟುಹೋಗಿವೆಯೇ ಎಂದು ವಿಚಾರಿಸಿದರು.